ಒಂದು ಹಲ್ಲು ಹೆಚ್ಚು

ಪೇಟೆ ಬೀದಿಯವರು ಅವನನ್ನು ಹಲ್ಲಿನ ಡಾಕ್ಟರ್ ಎಂದು ಕರೆಯುತ್ತಿದ್ದರು. ಅವನು ಕೈ ಹಾಕುತ್ತಿದ್ದದ್ದು ಚಕ್ರಗಳ ಹಲ್ಲಿಗೆ. ಗಡಿಯಾರ, ತಕ್ಕಡಿ ಯಂತ್ರ, ಮುದ್ರಣ ಯಂತ್ರ, ಯಾವುದರ ಹಲ್ಲುಚಕ್ರ ಸವೆದರೂ ಮುರಿದರೂ ಅವನ ವರ್ಕ್‌ಶಾಪಿಗೇ ಬರಬೇಕು. ಒಮ್ಮೆ ಊರಿಗೆ ಹೊಸಬನೊಬ್ಬ ಊದಿದ ಕೆನ್ನೆಗೆ ಕೈ ಒತ್ತಿಕೊಂಡು ಬಾಗಿಲಿಗೆ ಬಂದವನು, ಒಳಗಿದ್ದ ಲೇತನ್ನೂ ಗರಗಸವನ್ನೂ ನೋಡಿ, ಒಂದು ಮಾತೂ ಆಡದೆ ಬಂದ ದಾರಿ ಹಿಡಿದನಂತೆ. ಈ ಕತೆಯನ್ನು ಅವನ ತಂಗಿ ಕೆನ್ನೆಗೆ ಕೈ ಒತ್ತಿಕೊಂಡೇ ಹೇಳುತ್ತಿದ್ದಳು. ಅವಳು ಹೇಳಿದಷ್ಟು ಚೆನ್ನಾಗಿ ಬೇರೆ ಯಾರೂ ಹೇಳುತ್ತಿರಲಿಲ್ಲ.

ವರ್ಕ್‌ಶಾಪು ಅಪ್ಪನ ಕಾಲದ್ದು. ಅಪ್ಪ ಸಾಯುವ ಹೊತ್ತಿಗೆ ಮಕ್ಕಳಿಬ್ಬರಿಗೂ ಕೆಲಸ ಹಂಚಿಹೋಗಿತ್ತು. ಅಣ್ಣನಿಗೆ ಕೈ, ತಂಗಿಗೆ ಲೆಕ್ಕ. ಹಲ್ಲುಚಕ್ರದ ಕೆಲಸದಲ್ಲಿ ಅರ್ಧಕ್ಕರ್ಧ ಲೆಕ್ಕವೇ. ಈ ಅಚ್ಚು ಒಂದು ಸುತ್ತು ಸುತ್ತಿದಾಗ ಆ ಅಚ್ಚು ಇಷ್ಟು ಸುತ್ತು ಸುತ್ತಬೇಕು ಎಂದು ಗಿರಾಕಿ ಒಂದು ಸಂಖ್ಯೆ ಹೇಳುತ್ತಾನೆ. ಆ ಸಂಖ್ಯೆಯನ್ನು ಚಿಕ್ಕ ಚಿಕ್ಕ ಸಂಖ್ಯೆಗಳಾಗಿ ಒಡೆದರೆ ಒಂದೊಂದು ಚೂರೂ ಒಂದೊಂದು ಚಕ್ರವಾಗುತ್ತದೆ. ಒಡೆಯದಿದ್ದರೆ ಫಜೀತಿ. ತಂಗಿ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಹಳೆ ಬಿಲ್ಲುಗಳ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆಗಳನ್ನು ಒಡೆಯುತ್ತಿದ್ದಳು. ಇನ್ನೊಬ್ಬರು ಬಟಾಣಿ ಸುಲಿದ ಹಾಗೆ. ಯಾವುದಾದರೂ ಸಂಖ್ಯೆ ಯಾವುದಕ್ಕೂ ಜಗ್ಗದಿದ್ದರೆ, ಪೆನ್ಸಿಲು ಕಿವಿಗೆ ಸಿಕ್ಕಿಸಿ, "ಇದು ಬೇಯದ ಕಾಳು ಅಣ್ಣ" ಎನ್ನುತ್ತಿದ್ದಳು. ಶಾಲೆಯಲ್ಲಿ ಅದಕ್ಕೆ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೂ ವರ್ಕ್‌ಶಾಪಿನಲ್ಲಿ ಅದು ಬೇಯದ ಕಾಳೇ.

ಅವನಿಗೆ ಮೂವತ್ತೈದು, ಅವಳಿಗೆ ಇಪ್ಪತ್ತೇಳು ಆಗಿದ್ದಾಗ ನಗರಸಭೆಯ ಇಂಜಿನಿಯರ್ ಬಂದರು. ಹೊಸ ಲೈಬ್ರರಿ ಕಟ್ಟುತ್ತಿದ್ದರು. ಅದರ ಹಜಾರದ ಗೋಡೆಗೆ ಒಂದು ದೊಡ್ಡ ಗಡಿಯಾರ ಬೇಕಿತ್ತು. ಗಂಟೆಯನ್ನಲ್ಲ, ವರ್ಷವನ್ನು ತೋರಿಸುವ ಗಡಿಯಾರ. ವರ್ಷಕ್ಕೆ ಒಂದು ಸುತ್ತು ಬರುವ ಒಂದೇ ಮುಳ್ಳು.

"ಮುನ್ನೂರ ಅರವತ್ತೈದೂ ಕಾಲು ದಿನಕ್ಕೆ ಒಂದು ಸುತ್ತು ಅಂತ ಮಾಡ್ಬಹುದು ಸರ್," ಎಂದ ಅವನು.

"ಕಾಲು ಅಂದ್ರೆ ಪೂರಾ ಕಾಲು ಅಲ್ವಲ್ಲ ಮೇಸ್ತ್ರಿ. ಅಷ್ಟು ದೊಡ್ಡ ಕಟ್ಟಡಕ್ಕೆ ಅಂದಾಜಿನ ಗಡಿಯಾರ ಬೇಡ. ನಾನೂರು ವರ್ಷ ಓಡಿದ್ರೂ ಒಂದು ದಿನ ತಪ್ಪಬಾರದು."

ಕಿಟಕಿಯ ಕಡೆಯಿಂದ ತಂಗಿ ಹೇಳಿದಳು: "ನಾನೂರು ವರ್ಷಕ್ಕೆ ಸಾದಾ ದಿನ ಒಂದು ಲಕ್ಷದ ನಲವತ್ತಾರು ಸಾವಿರ. ಅಧಿಕ ವರ್ಷ ನೂರು ಬರಬೇಕು, ಅದರಲ್ಲಿ ನೂರರ ಲೆಕ್ಕದಲ್ಲಿ ಬರೋ ಮೂರು ವರ್ಷಕ್ಕೆ ಹೆಚ್ಚಿನ ದಿನ ಇಲ್ಲ. ತೊಂಬತ್ತೇಳು ಉಳೀತು. ಒಟ್ಟು ಒಂದು ಲಕ್ಷದ ನಲವತ್ತಾರು ಸಾವಿರದ ತೊಂಬತ್ತೇಳು ದಿನ. ಅಷ್ಟು ದಿನಕ್ಕೆ ಮುಳ್ಳು ಸರಿಯಾಗಿ ನಾನೂರು ಸುತ್ತು ಬರಬೇಕು."

ಇಂಜಿನಿಯರು ಕನ್ನಡಕ ಸರಿಮಾಡಿಕೊಂಡು ಅವಳ ಕಡೆ ತಿರುಗಿದರು. ಅವಳು ಆಗಲೇ ಒಡೆಯಲು ಕೂತಿದ್ದಳು. ಅಂಕಿಗಳನ್ನು ಕೂಡಿದರೆ ಇಪ್ಪತ್ತೇಳು, ಹಾಗಾದರೆ ಒಂಬತ್ತು ಹೋಗುತ್ತದೆ. ಹದಿನಾರು ಸಾವಿರದ ಇನ್ನೂರ ಮೂವತ್ತಮೂರು ಉಳಿಯಿತು. ಅದರಲ್ಲಿ ಇನ್ನೊಂದು ಮೂರು ಹೋಯಿತು. ಐದು ಸಾವಿರದ ನಾನೂರ ಹನ್ನೊಂದು. ಅದರಲ್ಲಿ ಏಳು ಹೋಯಿತು.

"ಏಳು ಹೋಗುತ್ತೆ ನೋಡಿ ಸರ್," ಎಂದಳು ಖುಷಿಯಿಂದ. "ಅಂದ್ರೆ ನಾನೂರು ವರ್ಷ ಪೂರ್ತಿ ವಾರಗಳೇ, ಒಂದು ದಿನವೂ ಚಿಲ್ಲರೆ ಇಲ್ಲ. ಇವತ್ತು ಮಂಗಳವಾರ ಅಲ್ವಾ, ನಾನೂರು ವರ್ಷ ಆದ್ಮೇಲೂ ಇದೇ ತಾರೀಖು ಮಂಗಳವಾರನೇ."

"ಹಾಗಾದ್ರೆ ನಾನು ಹುಟ್ಟಿದ ತಾರೀಖು ವಾರದ ಏಳು ದಿನಕ್ಕೂ ಸಮಸಮ ಬರುತ್ತೆ ಅನ್ನಿ," ಎಂದರು ಇಂಜಿನಿಯರು.

"ಇಲ್ಲ ಸರ್. ನಾನೂರು ಸಲ ಬರುತ್ತೆ. ನಾನೂರರಲ್ಲಿ ಏಳು ಹೋಗಲ್ಲ, ಒಂದು ಮಿಗುತ್ತೆ. ಯಾವುದೋ ದಿನಕ್ಕೆ ಹೆಚ್ಚು, ಯಾವುದಕ್ಕೋ ಕಮ್ಮಿ. ಸಮ ಆಗೋಕೆ ಸಾಧ್ಯನೇ ಇಲ್ಲ."

ಇಂಜಿನಿಯರು ನಕ್ಕುಬಿಟ್ಟರು. ತಂಗಿ ಮಾತ್ರ ಕೊನೆಗೆ ಉಳಿದ ಚೂರನ್ನು ನೋಡುತ್ತಿದ್ದಳು. ಏಳುನೂರ ಎಪ್ಪತ್ತಮೂರು. ಏಳರಿಂದ ಭಾಗಿಸಿದಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು. ಇಪ್ಪತ್ತೆಂಟನ್ನು ಇಪ್ಪತ್ತೆಂಟರಿಂದ ಗುಣಿಸಿದರೇ ಏಳುನೂರ ಎಂಬತ್ತನಾಲ್ಕು, ಅದರಾಚೆ ಹುಡುಕುವ ಅಗತ್ಯವಿರಲಿಲ್ಲ. ಪೆನ್ಸಿಲು ಕಿವಿಗೆ ಹೋಯಿತು.

"ಬೇಯದ ಕಾಳು," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

ಅಂದರೆ ಏಳುನೂರ ಎಪ್ಪತ್ತಮೂರು ಹಲ್ಲಿನ ಒಂದು ಚಕ್ರವನ್ನೇ ಕೊರೆಯಬೇಕು. ಚಕ್ರವನ್ನು ಸಮಭಾಗ ಮಾಡಲು ಅವರ ಬಳಿ ತೂತಿನ ಪ್ಲೇಟುಗಳಿದ್ದವು. ಯಾವ ಪ್ಲೇಟೂ ಆ ಸಂಖ್ಯೆಗೆ ಹೊಂದುತ್ತಿರಲಿಲ್ಲ. ನಿಜಕ್ಕೂ ಕಬ್ಬಿಣದ ಕಡಲೆ. ಅಪ್ಪ ಒಂದು ಹಳೆಯ ಉಪಾಯ ಹೇಳಿಕೊಟ್ಟಿದ್ದ. ಉದ್ದನೆಯ ಹಿತ್ತಾಳೆ ಪಟ್ಟಿಯ ಮೇಲೆ ಬೇಕಾದಷ್ಟು ಸಮಾನ ಮನೆಗಳನ್ನು ಗೆರೆ ಎಳೆದು ಗುರುತಿಸಬೇಕು. ಆ ಪಟ್ಟಿ ಸರಿಯಾಗಿ ಒಂದು ಸುತ್ತು ಬರುವಂಥ ಮರದ ಗಾಲಿಗೆ ಅದನ್ನು ಬಿಗಿಯಬೇಕು. ಗಾಲಿಯನ್ನೂ ಚಕ್ರವನ್ನೂ ಒಂದೇ ಅಚ್ಚಿಗೆ ಕೂರಿಸಿ, ಒಂದೊಂದು ಗೆರೆ ಸೂಜಿಯ ಕೆಳಗೆ ಬಂದಾಗ ಒಂದೊಂದು ಹಲ್ಲು ಕೊರೆಯಬೇಕು.

ಪಟ್ಟಿ ತಂಗಿಯ ಪಾಲಿಗೆ ಬಂತು. ಮೂರು ಮಿಲಿಮೀಟರಿಗೊಂದು ಗೆರೆ, ಹತ್ತಕ್ಕೊಂದು ಉದ್ದ ಗೆರೆ. ಹನ್ನೊಂದು ದಿನ ಅವಳು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತಳು. ಎಳೆದು ಮುಗಿಸಿ ಮೂರು ಸಲ ಎಣಿಸಿದಳು, ಎರಡು ಸಲ ಎಡದಿಂದ, ಒಂದು ಸಲ ಬಲದಿಂದ. ಕೊನೆಗೆ ಪಟ್ಟಿಯನ್ನು ಸುರುಳಿ ಮಾಡಿ ಅವನ ಕೈಗಿಡುವಾಗ ಹೇಳಿದಳು: "ಸುತ್ತಿದಾಗ ಮೊದಲ ಗೆರೆ ಮೇಲೆ ಕೊನೆ ಗೆರೆ ಕೂರಬೇಕು ಅಣ್ಣ. ಅವೆರಡೂ ಒಂದೇ ಗೆರೆ. ನೆನಪಿರಲಿ."

ಅವನು ಸಾಣೆಯ ಮೇಲೆ ಉಳಿ ಹಿಡಿದಿದ್ದ. ಕಿಡಿ ಹಾರುತ್ತಿತ್ತು. "ಹೂಂ," ಎಂದ.

ಆ ದಿನಗಳಲ್ಲಿ ಇಂಜಿನಿಯರು ವಾರಕ್ಕೆರಡು ಸಲ ಬಂದುಹೋಗುತ್ತಿದ್ದರು. ಗಡಿಯಾರಕ್ಕಿಂತ ಹೆಚ್ಚಾಗಿ ತಂಗಿಯ ಬಿಲ್ಲಿನ ಕಾಗದಗಳನ್ನು ನೋಡುತ್ತಿದ್ದರು. ಊರಾಚೆಯ ಗುಡ್ಡದ ಮೇಲೆ ನಕ್ಷತ್ರ ನೋಡುವ ವೀಕ್ಷಣಾಲಯವಿತ್ತು. ಅಲ್ಲಿನ ಮುಖ್ಯಸ್ಥರು ಅವರ ಸಹಪಾಠಿ. "ಅಲ್ಲಿ ಲೆಕ್ಕ ಹಾಕೋರು ಬೇಕಾಗಿದ್ದಾರೆ. ದಿನವಿಡೀ ಇದೇ ಕೆಲಸ. ನಿಮ್ಮ ತಂಗಿ ಅಲ್ಲಿರಬೇಕಾದವರು ಮೇಸ್ತ್ರಿ," ಎಂದು ಒಂದು ದಿನ ಹೇಳಿದರು. ಗಡಿಯಾರದ ಪರೀಕ್ಷೆಯ ದಿನ ಅರ್ಜಿಯ ಫಾರಂ ತರುತ್ತೇನೆ, ನಾನೇ ಶಿಫಾರಸು ಬರೆಯುತ್ತೇನೆ ಎಂದರು. ಆ ಸಂಜೆ ತಂಗಿ ಮೇಜು ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವನಿಗೂ ಸಂತೋಷವಾಯಿತು. ಸಂತೋಷದ ಅಡಿಯಲ್ಲಿ ಏನೋ ಒಂದು ಚುಚ್ಚಿತು. ನಾಳೆ ಸಂಖ್ಯೆ ಬಂದರೆ ಒಡೆಯುವವರು ಯಾರು? ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ ವರ್ಕ್‌ಶಾಪಿನಲ್ಲೇ ನಡೆಯಿತು. ಇಂಜಿನಿಯರು, ಹೊಸ ಲೈಬ್ರರಿಯ ಮುಖ್ಯಸ್ಥೆ, ನಗರಸಭೆಯ ಇಬ್ಬರು ಗುಮಾಸ್ತರು ಬಂದಿದ್ದರು. ನಾಲ್ಕು ವರ್ಷ ಕಾಯಲು ಆಗುವುದಿಲ್ಲವಲ್ಲ, ಅದಕ್ಕೆ ದಿನಕ್ಕೊಂದು ಸುತ್ತು ಬರುವ ಅಚ್ಚಿಗೆ ಹಿಡಿಕೆ ಹಾಕಿ ಕೈಯಿಂದ ತಿರುಗಿಸುವುದೆಂದಾಯಿತು. ಸಾವಿರದ ನಾನೂರ ಅರವತ್ತೊಂದು ಸುತ್ತು, ಅಂದರೆ ನಾಲ್ಕು ವರ್ಷ. ಮುಳ್ಳು ನಾಲ್ಕು ಸುತ್ತು ಬಂದು ಹೊರಟ ಗೆರೆಯಲ್ಲೇ ನಿಲ್ಲಬೇಕು. ಗುಮಾಸ್ತರು ಸರದಿಯ ಮೇಲೆ ತಿರುಗಿಸಿದರು, ತಂಗಿ ಎಣಿಸಿದಳು. ಕೊನೆಯ ಸುತ್ತು ಮುಗಿದಾಗ ಮುಳ್ಳು ಹೆಚ್ಚುಕಮ್ಮಿ ಎರಡು ದಿನ ಹಿಂದೆ ನಿಂತಿತ್ತು.

ತಂಗಿ ಬೆರಳು ಮಡಿಸುತ್ತಾ ಹೇಳಿದಳು: "ನಾಲ್ಕು ವರ್ಷಕ್ಕೆ ಎರಡು ದಿನ. ವರ್ಷಕ್ಕೆ ಅರ್ಧ ದಿನದ ಹತ್ರ ಹತ್ರ. ದೊಡ್ಡ ಚಕ್ರದಲ್ಲಿ ಒಂದು ಹಲ್ಲು ಅಂದ್ರೆ ವರ್ಷಕ್ಕೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಒಂದು ಹಲ್ಲು ಹೆಚ್ಚಿಗೆ ಬಿದ್ದಿದೆ ಅಣ್ಣ. ಎಣಿಸಿ ನೋಡು."

ಚಕ್ರ ಬಿಚ್ಚಿ ಎಣಿಸಿದರು. ಏಳುನೂರ ಎಪ್ಪತ್ತನಾಲ್ಕು.

ಅವನ ಮುಖಕ್ಕೆ ರಕ್ತ ನುಗ್ಗಿತು. ಒಂದು ತಿಂಗಳ ಕೆಲಸ, ಅಷ್ಟು ಜನರ ಎದುರು. "ಪಟ್ಟಿ ಮೇಲೆ ಎಷ್ಟು ಗೆರೆ ಎಳೆದಿದ್ದೆ?" ಎಂದು ಕೇಳಿದ.

"ಏಳ್ನೂರ ಎಪ್ಪತ್ನಾಲ್ಕು."

ಗುಮಾಸ್ತರು ಮುಖ ಮುಖ ನೋಡಿಕೊಂಡರು.

"ಮತ್ತೆ? ನೀನೇ ಹೇಳ್ತಿದ್ದೀಯಲ್ಲ."

"ಗೆರೆ ಎಪ್ಪತ್ನಾಲ್ಕು ಅಣ್ಣ, ಮನೆ ಎಪ್ಪತ್ಮೂರು. ಮೊದಲ ಗೆರೆ ಮೇಲೆ ಕೊನೆ ಗೆರೆ..."

"ಸುಮ್ಮನಿರು. ಎಣಿಸೋಕೆ ಬರದಿದ್ರೆ ಬರಲ್ಲ ಅನ್ನಬೇಕು. ಎಲ್ಲರ ಮುಂದೆ ನನ್ನ ಮಾನ ಕಳೆದೆ."

ಅವಳು ಮತ್ತೊಮ್ಮೆ, ಸಣ್ಣ ದನಿಯಲ್ಲಿ, "ಅವೆರಡೂ ಒಂದೇ ಗೆರೆ," ಎಂದಳು. ಯಾರಿಗೂ ಅದು ಅರ್ಥವಾಗಲಿಲ್ಲ. ತಪ್ಪು ಮಾಡಿದವರು ತಡವರಿಸುವ ಮಾತಿನ ಹಾಗೆ ಕೇಳಿಸಿತು. ಇಂಜಿನಿಯರು ಅರ್ಜಿಯ ಫಾರಂ ಇದ್ದ ಚೀಲವನ್ನು ಈಚೆಯ ಕೈಯಿಂದ ಆಚೆಯ ಕೈಗೆ ಬದಲಾಯಿಸಿದರು. ಹೊರಡುವಾಗ ಬಾಗಿಲ ಬಳಿ ಅವನೊಬ್ಬನಿಗೇ ಹೇಳಿದರು: "ಚಕ್ರ ಇನ್ನೊಂದು ಮಾಡಿ, ಪರವಾಗಿಲ್ಲ, ಸಮಯ ಇದೆ. ಆದ್ರೆ ಆ ಕೆಲಸದ ವಿಷಯ... ಎಣಿಕೆಯಲ್ಲಿ ತಪ್ಪೋರನ್ನ ಅಲ್ಲಿ ತಗೊಳ್ಳಲ್ಲ ಮೇಸ್ತ್ರಿ. ನೀವೇ ನಿಧಾನವಾಗಿ ಹೇಳಿ." ಅವನು ತಲೆಯಾಡಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆ ಗಾದೆಯನ್ನು ಯಾಕೆ ಮಾಡಿದರೆಂದು ಅಲ್ಲಿಂದ ಎರಡು ದಿನಕ್ಕೆ ತಿಳಿಯಿತು.

ಮಂಗಳವಾರ ಹೊಸ ಚಕ್ರಕ್ಕೆ ಕೈ ಹಾಕುವ ಮುಂಚೆ ಮರದ ಗಾಲಿಯನ್ನು ಅಳೆದ. ಅಡ್ಡಗಲ ಏಳುನೂರ ಮೂವತ್ತೆಂಟು ಮಿಲಿಮೀಟರ್ ಇರಬೇಕಾದದ್ದು ಏಳುನೂರ ಮೂವತ್ತೊಂಬತ್ತಿತ್ತು. ಆಗ ನೆನಪಾಯಿತು. ಕೊನೆಯ ಒಂದು ಮಿಲಿಮೀಟರನ್ನು ನಾಳೆ ನಿಧಾನವಾಗಿ ತೆಗೆಯೋಣವೆಂದು ಬಿಟ್ಟಿದ್ದ. ಮಾರನೆಯ ದಿನ ತಕ್ಕಡಿ ಯಂತ್ರದ ತುರ್ತು ಕೆಲಸ ಬಂದು ಮರೆತಿದ್ದ. ಅಡ್ಡಗಲದಲ್ಲಿ ಒಂದು ಮಿಲಿಮೀಟರ್ ಎಂದರೆ ಸುತ್ತಳತೆಯಲ್ಲಿ ಮೂರಕ್ಕೆ ಚೂರು ಹೆಚ್ಚು. ಹೆಚ್ಚುಕಮ್ಮಿ ಒಂದು ಮನೆ. ಪಟ್ಟಿಯ ಎರಡು ತುದಿಗಳ ನಡುವೆ ಒಂದು ಮನೆಯಷ್ಟೇ ಜಾಗ ಉಳಿದಿತ್ತು. ನೋಡಲು ಎಲ್ಲ ಮನೆಗಳ ಹಾಗೇ ಇತ್ತು. ಅವನು ಅದನ್ನೂ ಮನೆಯೆಂದೇ ಕೊರೆದಿದ್ದ.

ಅವನು ಸ್ಟೂಲಿನ ಮೇಲೆ ಬಹಳ ಹೊತ್ತು ಕೂತ. ತಂಗಿ ಒಳಮನೆಯಲ್ಲಿದ್ದಳು, ಹತ್ತು ಹೆಜ್ಜೆಯ ದೂರ. ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಇಂಜಿನಿಯರರ ಕಚೇರಿಯೂ ದೂರವಿರಲಿಲ್ಲ. ಮೊದಲು ಚಕ್ರ ಸರಿಮಾಡೋಣ, ಆಮೇಲೆ ಹೇಳಿದರೆ ಮಾತಿಗೆ ತೂಕ ಬರುತ್ತದೆ ಎಂದುಕೊಂಡ. ಲೇತಿಗೆ ಗಾಲಿ ಹಾಕಿ ಒಂದು ಮಿಲಿಮೀಟರ್ ತೆಗೆದ. ಅದೇ ಪಟ್ಟಿ ಸುತ್ತಿದ. ಮೊದಲ ಗೆರೆಯ ಮೇಲೆ ಕೊನೆಯ ಗೆರೆ ಎಳ್ಳಷ್ಟೂ ಆಚೀಚೆ ಇಲ್ಲದೆ ಕೂತಿತು.

ಹೊಸ ಚಕ್ರ ಸರಿಯಾಯಿತು. ಪರೀಕ್ಷೆಯಲ್ಲಿ ಮುಳ್ಳು ಹೊರಟಲ್ಲೇ ಬಂದು ನಿಂತಿತು. ಇಂಜಿನಿಯರು ಅವನ ಕೈ ಕುಲುಕಿ, "ಈ ಸಲ ನೀವೇ ಎಣಿಸಿದಿರೇನೋ," ಎಂದರು. ಅವನು ನಕ್ಕ. ಆ ನಗುವಿನ ಜೊತೆಗೆ ಹೇಳುವ ಸಮಯವೂ ಹೋಯಿತು. ಲೈಬ್ರರಿಯ ಗೋಡೆಯ ಕಲ್ಲಿನಲ್ಲಿ ಗಡಿಯಾರ ಮಾಡಿದವನೆಂದು ಅವನ ಹೆಸರು ಕೆತ್ತಿಸಿದರು. ಉದ್ಘಾಟನೆಗೆ ತಂಗಿ ತಲೆನೋವೆಂದು ಬರಲಿಲ್ಲ.

ಮುಂದಿನ ಸಂಖ್ಯೆ ಬಂದಾಗ ಅವಳು ಕಾಗದವನ್ನು ಮುಟ್ಟಲಿಲ್ಲ. "ನನ್ನ ಲೆಕ್ಕ ನಂಬಬೇಡ ಅಣ್ಣ. ನೀನೇ ಮಾಡು, ಇಲ್ಲಾ ಯಾರ ಕೈಲಾದ್ರೂ ಮಾಡಿಸು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಹಾಲು ತೀರಿದೆ ಎಂದ ಹಾಗೆ ಹೇಳಿದಳು. ಎರಡು ತಿಂಗಳಿಗೆ ಔಷಧಿ ಕಾರ್ಖಾನೆಯೊಂದರಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಮೂರು ವರ್ಷಕ್ಕೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನೊಬ್ಬನನ್ನು ಮದುವೆಯಾಗಿ, ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿಗೆ ಹೋದಳು. ಗಂಡ ಒಳ್ಳೆಯವನು. ಒಬ್ಬಳು ಮಗಳು ಹುಟ್ಟಿದಳು.

ಸಂಖ್ಯೆ ಒಡೆಯುವುದನ್ನು ಅವನು ಒಬ್ಬನೇ ಕಲಿತ. ಅವಳು ಚಹಾ ಆರುವುದರೊಳಗೆ ಮಾಡುತ್ತಿದ್ದದ್ದಕ್ಕೆ ಅವನಿಗೆ ಎರಡು ದಿನ ಹಿಡಿಯುತ್ತಿತ್ತು. ಆದರೂ ತಪ್ಪುತ್ತಿತ್ತು. ಆಮೇಲೆ ಅವನಿಗೂ ಮದುವೆಯಾಯಿತು. ಲೆಕ್ಕ ತಪ್ಪಿದಾಗಲೆಲ್ಲ ಹೆಂಡತಿ, "ತಂಗಿಗೆ ಒಂದು ಕಾಗದ ಬರೆದು ಕೇಳಬಾರದೇ?" ಎನ್ನುವಳು. ಅವನು ಇನ್ನೊಂದು ಹಳೆ ಬಿಲ್ಲು ಎಳೆದುಕೊಂಡು ಮೊದಲಿನಿಂದ ಒಡೆಯತೊಡಗುವನು. ಹೆಂಡತಿಗೂ ಅವನು ಹೇಳಿರಲಿಲ್ಲ. ತಂಗಿಗೆ ಹೇಳಲು ಹೊರಟದ್ದು ಒಂದೆರಡು ಸಲವಲ್ಲ. ಅವಳ ಮದುವೆಯ ದಿನ, ಅವಳ ಮಗಳು ಹುಟ್ಟಿದಾಗ ಆಸ್ಪತ್ರೆಯ ಜಗಲಿಯಲ್ಲಿ, ಒಮ್ಮೆ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದಾಗ. ಪ್ರತಿ ಸಲವೂ ಇಂಥ ದಿನ ಯಾಕೆ, ಇನ್ನೊಮ್ಮೆ ನೋಡೋಣ ಎನ್ನಿಸುತ್ತಿತ್ತು. ಹಾಗೆ ಇಪ್ಪತ್ತಾರು ವರ್ಷ ಕಳೆಯಿತು.

ಅರವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ತೀರಿಕೊಂಡ ವರ್ಷ, ಅವನು ಇದಕ್ಕೆಂದೇ ಬಸ್ಸು ಹತ್ತಿ ಹೋದ. ತಂಗಿ ಅಡುಗೆಮನೆಯ ಮೇಜಿನಲ್ಲಿ ಮಗಳ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಅವನು ಎದುರಿಗೆ ಕೂತು, ಚಹಾ ಮುಟ್ಟದೆ, ಗಾಲಿಯ ವಿಷಯ, ಒಂದು ಮಿಲಿಮೀಟರಿನ ವಿಷಯ ಎಲ್ಲವನ್ನೂ ಹೇಳಿದ. ಅವಳು ಹೊಲಿಯುತ್ತಲೇ ಇದ್ದಳು.

"ಗೊತ್ತು ಅಣ್ಣ," ಎಂದಳು.

"ಗೊತ್ತಾ? ಯಾವಾಗಿನಿಂದ?"

"ಆವತ್ತಿನಿಂದಲೇ. ವರ್ಕ್‌ಶಾಪ್ ಗುಡಿಸ್ತಿದ್ದದ್ದು ಯಾರು? ಬುಧವಾರ ಬೆಳಿಗ್ಗೆ ಲೇತಿನ ಕೆಳಗೆ ಹೊಸ ಮರದ ಹೊಟ್ಟು ಬಿದ್ದಿತ್ತು. ಗಾಲಿ ಅಳೆದು ನೋಡಿದೆ. ಸರಿಯಾಗಿತ್ತು. ಸರಿ ಇದ್ದದ್ದನ್ನ ಯಾರೂ ಕೆತ್ತಲ್ಲ."

"ಹೇಳಬಾರದಿತ್ತಾ? ನನ್ನ ಮುಖಕ್ಕೆ ಉಗಿಯಬಾರದಿತ್ತಾ?"

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ನೀನೇ ಹೇಳ್ತೀಯ ಅಂತ ಕಾದೆ. ನಾಳೆ ಹೇಳ್ತಾನೆ, ನಾಡಿದ್ದು ಹೇಳ್ತಾನೆ ಅಂತ. ಒಂದು ತಿಂಗಳು ಕಾದೆ. ಆಮೇಲೆ ಗುಡ್ಡದ ಮೇಲಿನ ಕೆಲಸಕ್ಕೆ ಬೇರೆಯವರನ್ನ ತಗೊಂಡ್ರು ಅಂತ ಕೇಳಿದೆ. ಇನ್ನು ಹೇಳಿ ಏನಾಗಬೇಕು, ಅನ್ನಿಸ್ತು."

ಅವನಿಗೆ ಅಳು ಬಂತು. ತಂಗಿಯ ಎದುರು ಅತ್ತದ್ದು ಅದೇ ಮೊದಲು. ಅವಳು ಎದ್ದು ಆರಿದ ಚಹಾ ಚೆಲ್ಲಿ ಬಿಸಿ ಚಹಾ ತಂದಿಟ್ಟಳು.

"ಇಂಜಿನಿಯರ್ ಇನ್ನೂ ಇದ್ದಾರೆ. ಅವರ ಮನೆಗೆ ಹೋಗಿ ಹೇಳ್ತೀನಿ," ಎಂದ.

"ಹೋಗು. ನಿನಗೆ ಹಗುರ ಆಗೋದಾದ್ರೆ ಹೋಗು."

ಅವನು ಹೋದ. ಇಂಜಿನಿಯರರಿಗೆ ಎಂಬತ್ತು ದಾಟಿತ್ತು. ಅವನನ್ನು ಗುರುತಿಸಿ ಬಹಳ ಸಂತೋಷಪಟ್ಟರು. ಗಡಿಯಾರ ಇನ್ನೂ ಒಂದು ದಿನವೂ ತಪ್ಪಿಲ್ಲವಂತೆ ಎಂದು ಹೆಮ್ಮೆಯಿಂದ ಹೇಳಿದರು. ಅವನು ಬಂದ ವಿಷಯ ಶುರುಮಾಡಿದಾಗ ಹಣೆ ಗಂಟಿಕ್ಕಿ ಕೇಳಿಸಿಕೊಂಡರು.

"ನಿಮಗೆ ತಂಗಿ ಇದ್ರಾ?" ಎಂದರು.

ಕಿಟಕಿಯ ಪಕ್ಕದ ಮೇಜು, ಬಿಲ್ಲಿನ ಕಾಗದ, ಹುಟ್ಟಿದ ತಾರೀಖಿನ ಪ್ರಶ್ನೆ, ಚೀಲದಲ್ಲಿದ್ದ ಫಾರಂ, ಒಂದೊಂದಾಗಿ ನೆನಪಿಸಿದ. ಮುದುಕರು ತಲೆಯಾಡಿಸಿದರು. "ಇರಬಹುದು ಮೇಸ್ತ್ರಿ. ಎಷ್ಟೋ ಜನಕ್ಕೆ ಶಿಫಾರಸು ಬರೆದಿದ್ದೀನಿ. ಪಾಪ," ಎಂದರು. ಆಮೇಲೆ ಮೊಮ್ಮಗನ ಮಾತು ಬಂತು. ಅವಳ ಹೆಸರಿಗೆ ಅಂಟಿದ್ದ ತಪ್ಪನ್ನು ತೆಗೆಯಲು ಇಷ್ಟು ವರ್ಷದ ಮೇಲೆ ಬಂದವನಿಗೆ, ಆ ತಪ್ಪೂ ಆ ಹೆಸರೂ ಯಾರ ನೆನಪಿನಲ್ಲೂ ಉಳಿದಿಲ್ಲವೆಂಬುದು ತಿಳಿಯಿತು. ಮನಸ್ಸು ಹಗುರಾಗಲಿಲ್ಲ. ಲೈಬ್ರರಿಗೆ ಹೋಗಿ ಕಲ್ಲಿನಲ್ಲಿ ಅವಳ ಹೆಸರೂ ಸೇರಿಸಿ ಎಂದು ಕೇಳಿದ. ಅಲ್ಲಿದ್ದ ಅಧಿಕಾರಿ ಹೊಸಬರು. ಅರ್ಜಿ ತೆಗೆದುಕೊಂಡು ಫೈಲಿಗೆ ಸೇರಿಸಿದರು. ಎರಡು ಸಲ ನೆನಪಿಸಿದ, ಆಮೇಲೆ ಬಿಟ್ಟ.

ಮೂರು ವರ್ಷದ ನಂತರ ಅವನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದಾಗ ತಂಗಿ ಬಂದು ಹದಿನೈದು ದಿನ ಇದ್ದಳು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಿದಳು, ಪೇಪರ್ ಓದಿ ಹೇಳಿದಳು, ಪಕ್ಕದ ಮನೆಯವರಿಗೆ ಕೆನ್ನೆ ಊದಿದವನ ಕತೆ ಹೇಳಿ ನಗಿಸಿದಳು. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ಹೊರಡುವ ದಿನ ಮಧ್ಯಾಹ್ನ, ಚೀಲ ಕಟ್ಟುತ್ತಿದ್ದವಳನ್ನು ಅವನು ಕೇಳಿಯೇಬಿಟ್ಟ: "ಮತ್ತೆ ಲೆಕ್ಕಕ್ಕೆ ಕೂರಬೇಕು ಅಂತ ನಿನಗೆ ಯಾವತ್ತೂ ಅನ್ನಿಸಲಿಲ್ವಾ?"

ಅವಳು ಮಡಿಸಿದ ಸೀರೆಯೊಂದನ್ನು ಚೀಲಕ್ಕಿಟ್ಟಳು.

"ಮೊದಮೊದಲು ಅನ್ನಿಸ್ತಿತ್ತು. ಕಾರ್ಖಾನೆಯಲ್ಲಿ ಸೀಸೆ ಮೇಲಿನ ನಂಬರ್ ನೋಡಿದ್ರೂ ಮನಸ್ಸು ತಾನೇ ಒಡೆಯೋಕೆ ಶುರು ಮಾಡ್ತಿತ್ತು. ಬೇಡ ಅಂದ್ರೂ ಬಿಡ್ತಿರಲಿಲ್ಲ. ಆಮೇಲೆ ಅದೂ ನಿಂತುಹೋಯ್ತು. ಯಾವಾಗ ನಿಂತಿತು ಅಂತ ನನಗೇ ಗೊತ್ತಾಗಲಿಲ್ಲ ಅಣ್ಣ."

ಚೀಲದ ಬಾಯಿ ಕಟ್ಟಿ, ಹನಿಯ ಬಾಟಲಿಯನ್ನು ಅವನ ಕೈಗೆ ಎಟಕುವಲ್ಲಿಟ್ಟು, ರಾತ್ರಿಯದ್ದು ಮರೆಯಬೇಡ ಎಂದು ಎರಡು ಸಲ ಹೇಳಿದಳು. ಅವನು ಕರಿ ಕನ್ನಡಕ ಹಾಕಿಕೊಂಡು ಬಸ್ ನಿಲ್ದಾಣದವರೆಗೂ ಅವಳ ಚೀಲ ಹೊತ್ತು ಹೋದ.